ಶರಾವತಿಯಲ್ಲಿ ಮೊಂಡು ಹಿಡಿದ ಮೋಟಾರು

ಹೊನ್ನಾವರದಿಂದ ಗೇರುಸೊಪ್ಪೆಗೆ ಈಗ ಹೋಗತಕ್ಕವರು ಬಸ್ಸು ಹತ್ತಿ ಒಂದು ತಾಸಿನೊಳಗಾಗಿ ಅಲ್ಲಿಗೆ ಮುಟ್ಟುವರು. ತೆಂಗು ಅಡಿಕೆಗಳ ಸಂದಿಯಿಂದ ಶರಾವತಿಯು ಆಗಾಗ ಕಣ್ಣಿಗೆ ಬಿದ್ದು ಮರೆಯಾಗುವಳು. ಆದರೆ ಆ ನದಿಯನ್ನು ಬಸ್ಸಿನ ಕಿಟಕಿಯಿಂದ ನೋಡುವದಕ್ಕೂ ಅದರ ಮೈಮೇಲೆ ಕುಳಿತು ಹೋಗುವದಕ್ಕೂ ಬಹಳ ಅಂತರವುಂಟು. ಬಸ್ಸುಗಳು ಬರುವ ಮುಂಚೆ ಈ ನದಿಯೇ ರಾಜಮಾರ್ಗವಾಗಿದ್ದಿತು. ಘಟ್ಟದ ಮೇಲಿನ ಮೆಣಸು ಇದೇ ನೀರಿನಲ್ಲಿ ಇಳಿದು ಸಮುದ್ರವನ್ನು ಸೇರುತ್ತಿತ್ತು. ಜೋಗದ ಜಲಪಾತವನ್ನು ನೋಡಬೇಕೆಂದು ಬಂದ ಹಿಂದಿನ ಪ್ರವಾಸಿಕರೂ ಹೊನ್ನಾವರದಲ್ಲಿ ದೋಣಿಯನ್ನು ಹಿಡಿದು ಗೇರುಸೊಪ್ಪೆಯಲ್ಲಿ ಇಳಿದು, ಅಲ್ಲಿಂದ ಘಟ್ಟವನ್ನು ಏರುತ್ತಿದ್ದರು.

14ನೆಯ ಶತಮಾನದಲ್ಲಿ ಮೊರಾಕ್ಕೊ ದೇಶದ ಯಾತ್ರಿಕನಾದ ಇಬ್ನ್ ಬತೂತನು ಹೊನ್ನಾವರಕ್ಕೆ ಬಂದಾಗ ಆ ಪಟ್ಟಣದಲ್ಲಿ ಗಂಡುಮಕ್ಕಳಿಗಾಗಿ 23, ಹೆಣ್ಣುಮಕ್ಕಳಿಗಾಗಿ 13 ಶಾಲೆಗಳಿರುವದನ್ನು ಕಂಡೆನೆಂದು ಬರೆದಿಟ್ಟಿರುವನು. ಮುಂದೆ 1623ರಲ್ಲಿ ಇಟಲಿಯ ಪಿಯೆತ್ರೊ ದೆಲ್ಲಾ ವಾಲ್ಲೆ ಎಂಬವನು ಪೋರ್ತುಗೀಜರ ರಾಯಭಾರಿಯ ಸಂಗಡ ಇಕ್ಕೇರಿಯ ವೆಂಕಟಪ್ಪ ನಾಯಕನ ಆಸ್ಥಾನಕ್ಕೆ ಹೊರಟಾಗ ಇದೇ ನೀರಿನ ದಾರಿಯಿಂದ ಗೇರುಸೊಪ್ಪೆಗೆ ಹೋದನು. ನದಿಯ ಚೆಲುವನ್ನು ಅವನು ಮನಸಾರೆ ಮೆಚ್ಚಿಕೊಂಡಿದ್ದಾನೆ. ಈ ಇಬ್ಬರ ವಿಷಯವನ್ನು ನನ್ನ ತಂಗಿಗೆ ಹೇಳಿದಾಗ ಅವಳು, “13 ಶಾಲೆಗಳಿದ್ದ ಊರಿನಲ್ಲಿ ನಮ್ಮ ಅಮ್ಮನಿಗೆ ಮಾತ್ರ ಅಕ್ಷರ ಕಲಿಸುವವರು ಸಿಗಲಿಲ್ಲವೇ!” ಎಂದಳು.

ನಮ್ಮ ತಾಯಿಯ ತವರು ಗೇರುಸೊಪ್ಪೆಯ ಬಳಿಯ ಒಂದು ಕೇರಿ. ಆಕೆ 1947ರಲ್ಲಿ ಮದುವೆಯಾಗಿ ಹೊನ್ನಾವರಕ್ಕೆ ಬಂದದ್ದು ದೋಣಿಯಲ್ಲಿ. “ಒಂದೇ ಇಳಿತಕ್ಕೆ ಬಂದುಬಿಟ್ಟೆ, ತಿರುಗಿ ಹೋಗುವದಕ್ಕೆ ಎರಡು ವರುಷ ಹಿಡಿಯಿತು” ಎಂದು ಆಕೆ ಹೇಳುತ್ತಿದ್ದುದು ನಮ್ಮಿಬ್ಬರ ಕಿವಿಯಲ್ಲಿಯೂ ಇನ್ನೂ ಇದೆ. ಈ ವರುಷ ನನ್ನ ತಂಗಿಯು ಮನೆಗೆ ಬೀಗ ಹಾಕಿ ಪುಣೆಯಲ್ಲಿರುವ ಮಗನ ಬಳಿಗೆ ಹೋಗಿ ನೆಲಸತಕ್ಕವಳಿದ್ದಳು. ಅಷ್ಟರೊಳಗೆ ಅಮ್ಮ ಬಂದ ದಾರಿಯಲ್ಲಿ ತಾನೂ ಒಮ್ಮೆ ಬರಬೇಕು, ಅದೂ ದೋಣಿಯಲ್ಲಿಯೇ ಬರಬೇಕು ಎಂಬ ಹಟವು ಅವಳಲ್ಲಿ ಹುಟ್ಟಿತು. ಮೊಣಕಾಲು ನೋವಿನ ಮಾತನ್ನು ನಾನು ತೆಗೆದೆನು. ದೋಣಿಯಲ್ಲಿ ನಡೆಯುವ ಕೆಲಸವಿಲ್ಲವಲ್ಲ ಎಂದು ಅವಳು ನನ್ನ ಬಾಯಿ ಕಟ್ಟಿದಳು.

ಹುಡುಕಿದ ಮೇಲೆ ಕಾಸರಕೋಡಿನ ಕಡೆಯ ಮೀನುಗಾರನೊಬ್ಬನು ಒಪ್ಪಿದನು. ದೋಣಿಯು ಚಿಕ್ಕದು, ಗಟ್ಟಿಮುಟ್ಟಾದದ್ದು. ಅದರ ಹಿಂಬದಿಗೆ ತೂಗುಹಾಕಿದ್ದ ಔಟ್‌ಬೋರ್ಡ್ ಮೋಟಾರು ಮಾತ್ರ ಹಳೆಯದಾಗಿತ್ತು. ಎರಡನೆಯ ಕೈಯಿಂದಲೋ ಮೂರನೆಯ ಕೈಯಿಂದಲೋ ಅವನಿಗೆ ಬಂದಿತ್ತು. ಮಾತು ಮುಗಿಸುವ ಮುಂಚೆ ಅವನು ಪ್ರಾಮಾಣಿಕವಾಗಿ ಒಂದು ವಿಷಯವನ್ನು ತಿಳಿಸಿದನು: ಮೋಟಾರು ಮೂರು ತಿಂಗಳಿಂದ ಮೊಂಡು ಹಿಡಿದಿದೆ, ಮೆಲ್ಲಗೆ ಓಡಿಸಿದರೆ ದಿನವೆಲ್ಲ ಓಡುವದು, ಪೂರ್ಣ ಬಿಟ್ಟರೆ ಎರಡು ನಿಮಿಷದಲ್ಲಿ ಉಸಿರು ಕಟ್ಟಿ ನಿಲ್ಲುವದು, ಹತ್ತು ನಿಮಿಷ ಸುಮ್ಮನಿದ್ದರೆ ಏನೂ ಆಗಿಲ್ಲವೆಂಬಂತೆ ಮತ್ತೆ ಹೊರಡುವದು. ದುರಸ್ತಿಯ ಅಂಗಡಿಯಲ್ಲಿ ಮೂರು ಸಲ ಕಾರ್ಬುರೇಟರನ್ನು ಬಿಚ್ಚಿ ತೊಳೆದರು, ಮೂರು ಸಲವೂ ಹಣ ತೆಗೆದುಕೊಂಡರು. ನಾಲ್ಕನೆಯ ಸಲ ಹೋದಾಗ, ಇನ್ನು ಹೊಸ ಮೋಟಾರೇ ಗತಿ ಎಂದು ಹೇಳಿ ಕಳುಹಿಸಿದರು. ಹೊಸ ಮೋಟಾರೆಂದರೆ ಸಾಲ. ಹೆಂಡತಿಯ ಒಡವೆ ಆಗಲೇ ಒಮ್ಮೆ ಒತ್ತೆಗೆ ಹೋಗಿ ಬಂದಿತ್ತು. ಇದನ್ನೆಲ್ಲ ಅವನು ದೂರುವ ಸ್ವರದಿಂದ ಹೇಳಲಿಲ್ಲ. ಹವೆಯ ಸಮಾಚಾರವನ್ನು ಹೇಳುವಂತೆ ಹೇಳಿದನು.

ಇಂಥ ಮೋಟಾರುಗಳ ಕಥೆಯೂ ಸ್ವಾರಸ್ಯವುಳ್ಳದ್ದು. ನಾರ್ವೆಯಲ್ಲಿ ಹುಟ್ಟಿ ಅಮೇರಿಕೆಯಲ್ಲಿ ಬೆಳೆದ ಓಲೆ ಎವಿನ್‌ರೂಡ್ ಎಂಬವನು ಬಿಸಿಲಿನಲ್ಲಿ ಸರೋವರದ ಆಚೆಯ ದಡದಿಂದ ತಾನು ಮೆಚ್ಚಿದ ಹುಡುಗಿಗಾಗಿ ಐಸ್‌ಕ್ರೀಮನ್ನು ತರಲು ಹುಟ್ಟುಹಾಕುತ್ತ ಹೋದನಂತೆ. ತಿರುಗಿ ಬರುವಷ್ಟರಲ್ಲಿ ಅದು ಕರಗಿ ನೀರಾಗಿತ್ತಂತೆ. 1909ರಲ್ಲಿ ಅವನು ಮಾರಲು ತೊಡಗಿದ ಕಳಚುವ ಮೋಟಾರಿನ ಹಿಂದೆ ಈ ಕರಗಿದ ಐಸ್‌ಕ್ರೀಮು ಇದೆಯೆಂದು ಹೇಳುವದುಂಟು. ನಮ್ಮ ಕರಾವಳಿಯ ನಾಡದೋಣಿಗಳಿಗೆ ಅವು ಬಳಕೆಗೆ ಬಂದದ್ದು ಬಹುಮಟ್ಟಿಗೆ 1980ರ ದಶಕದಿಂದೀಚೆಗೆ. ಅವುಗಳಲ್ಲಿ ಬಹಳಷ್ಟು ಪೆಟ್ರೋಲಿನಿಂದ ಹೊತ್ತಿಕೊಂಡು ಸೀಮೆಎಣ್ಣೆಯಿಂದ ಓಡುವ ಜಾತಿಯವು. ನಮ್ಮ ಅಂಬಿಗನದು ಬರಿಯ ಪೆಟ್ರೋಲಿನದು.

ಸಂಕ್ರಾಂತಿ ಕಳೆದ ಮರುವಾರ, ಬೆಳಿಗ್ಗೆ ಭರತದ ನೀರು ಏರತೊಡಗಿದ ಹೊತ್ತಿಗೆ ನಾವು ಹೊರಟೆವು. ತಂಗಿ, ನಾನು, ಅಂಬಿಗ, ಅವನ ಹನ್ನೆರಡು ವರುಷದ ಮಗ, ಹೀಗೆ ನಾಲ್ವರು. ದೋಣಿಯ ನಡುವೆ ಪೆಟ್ರೋಲಿನ ಟಾಂಕಿ. ಅದರಿಂದ ಕಿರುಬೆರಳಿನ ಗಾತ್ರದ ರಬ್ಬರಿನ ಕೊಳವೆಯು ಹೊರಟು, ಒಂದು ಮೊಳದಾಚೆ ಮಾವಿನಕಾಯಿಯಂಥ ರಬ್ಬರಿನ ಗುಂಡನ್ನು ಹೊಕ್ಕು, ಅಲ್ಲಿಂದ ಮೂರು ಮೊಳ ಮುಂದೆ ಹೋಗಿ ಮೋಟಾರನ್ನು ಸೇರುವದು. ಹೊರಡುವ ಮುಂಚೆ ಆ ಗುಂಡನ್ನು ಕೈಯಿಂದ ಹಿಸುಕಿ ಪೆಟ್ರೋಲನ್ನು ಮುಂದಕ್ಕೆ ದೂಡಬೇಕು. ಅದು ಗಟ್ಟಿಯಾದರೆ ಕಾರ್ಬುರೇಟರು ತುಂಬಿತೆಂದು ಅರ್ಥ. ಮೋಟಾರು ಓಡತೊಡಗಿದ ಮೇಲೆ ಅದರ ಒಳಗಿನ ಪುಟ್ಟ ಪಂಪೇ ತನಗೆ ಬೇಕಾದಷ್ಟನ್ನು ಎಳೆದುಕೊಳ್ಳುವದು. ಹುಡುಗನು ಗುಂಡನ್ನು ಹಿಸುಕಿದನು, ತಂದೆಯು ಹಗ್ಗವನ್ನು ಎಳೆದನು, ಎರಡನೆಯ ಎಳೆತಕ್ಕೆ ಮೋಟಾರು ಗುಡುಗಿತು.

ಹೆದ್ದಾರಿಯ ಸೇತುವೆಯ ಕೆಳಗೆ ಹಾಯ್ದು ಮುಂದೆ ಹೋದರೆ ಕೊಂಕಣ ರೈಲ್ವೆಯ ಸೇತುವೆ. ಎರಡು ಕಿಲೋಮೀಟರಿಗೂ ಮಿಕ್ಕ ಉದ್ದವಿರುವ ಇದು ಆ ಮಾರ್ಗದ ಸೇತುವೆಗಳಲ್ಲೆಲ್ಲ ಉದ್ದವಾದದ್ದು. ಅಲ್ಲಿ ನದಿಯು ನದಿಯೆನ್ನುವದಕ್ಕಿಂತ ಸರೋವರವೆನ್ನಬೇಕಾದಷ್ಟು ಹರವಾಗಿದೆ. ಮಾವಿನಕುರ್ವೆಯ ನಡುಗಡ್ಡೆಯ ತೆಂಗಿನ ಸಾಲು, ದಡದಲ್ಲಿ ಬೇರುಗಳ ಮೇಲೆ ನಿಂತ ಕಾಂಡ್ಲಾ ಗಿಡಗಳು, ಸೊಂಟದವರೆಗಿನ ನೀರಿನಲ್ಲಿ ನಿಂತು ಚಿಪ್ಪು ಆರಿಸುವ ಹೆಂಗಸರು, ಇವೆಲ್ಲ ಮಂಜಿನಿಂದ ಒಂದೊಂದಾಗಿ ಹೊರಬಂದವು. ಮೇಲೆ ಹೋದಂತೆ ದಡಗಳು ಹತ್ತಿರವಾದವು, ನೀರಿನ ಬಣ್ಣವು ಹಸುರಾಯಿತು, ಗುಡ್ಡಗಳು ಎದ್ದು ನಿಂತವು. ತಂಗಿಯು ಕೈಯನ್ನು ನೀರಿನಲ್ಲಿ ಅದ್ದಿ ನಾಲಿಗೆಗೆ ಮುಟ್ಟಿಸಿ, “ಉಪ್ಪು ಹೋಯಿತು” ಎಂದಳು.

ಉಪ್ಪೋಣಿಯ ಹತ್ತಿರ ನದಿಯು ನೇರವಾಗಿ ಹರಿದದ್ದನ್ನು ಕಂಡು ಅಂಬಿಗನು ಹಿಡಿಕೆಯನ್ನು ಪೂರ್ಣ ತಿರುಗಿಸಿದನು. ದೋಣಿಯು ಮೂತಿಯನ್ನು ಎತ್ತಿ ಹಾರಿತು. ನಾನು ಗಡಿಯಾರವನ್ನು ನೋಡಿದೆನು. ಎರಡು ನಿಮಿಷವಾಗುತ್ತಲೇ ಅದರ ಸ್ವರವು ಕುಗ್ಗಿತು, ಒಂದೆರಡು ಸಲ ಬಿಕ್ಕಿತು, ನಿಂತಿತು. ಅಂಬಿಗನು ನನ್ನ ಮುಖವನ್ನು ನೋಡಿ, “ಇದೇ ನೋಡಿರಿ” ಎಂದನು.

ನಾನು ಯಂತ್ರಗಳನ್ನು ಕಲಿತವನಲ್ಲ. ಆದರೆ ಅಡಿಕೆಯ ತೋಟಕ್ಕೆ ನೀರೆತ್ತುವ ಪಂಪಿನ ಸಂಗಡ ನನ್ನ ಅರ್ಧ ಆಯುಷ್ಯವು ಕಳೆದಿದೆ. ಪಂಪು ನೀರೆತ್ತದಿದ್ದರೆ ಪಂಪಿಗಿಂತ ಮೊದಲು ಕೆರೆಯೊಳಗಿನ ಕೊಳವೆಯ ಬಾಯನ್ನು ನೋಡಬೇಕೆಂಬದನ್ನು ಅದು ನನಗೆ ಚೆನ್ನಾಗಿ ಕಲಿಸಿದೆ. ಅಂಬಿಗನು ತಿರುಪುಳಿಯನ್ನು ಕೈಗೆತ್ತಿಕೊಂಡು ಕಾರ್ಬುರೇಟರಿಗೆ ಹೊರಟಿದ್ದನು. ಅಲ್ಲಾಡುವ ದೋಣಿಯಲ್ಲಿ ಅದನ್ನು ಬಿಚ್ಚಿದರೆ ಎಳ್ಳಿನಂಥ ತಿರುಪುಗಳು ಶರಾವತಿಯ ಪಾಲಾಗುವವೆಂದು ನಾನು ತಡೆದೆನು. ಮೊದಲು ಟಾಂಕಿಯನ್ನು ನೋಡೋಣವೆಂದೆನು.

ಟಾಂಕಿಯ ಮುಚ್ಚಳದ ಮೇಲೆ ಗಾಳಿ ಒಳಗೆ ಹೋಗುವದಕ್ಕೆ ಒಂದು ಪುಟ್ಟ ತಿರುಪು ಇರುತ್ತದೆ. ಇದರ ಮಹತ್ವವನ್ನು ಗೃಹಿಣಿಯರಿಗೆ ಹೇಳಬೇಕಾದದ್ದಿಲ್ಲ. ಎಣ್ಣೆಯ ಡಬ್ಬಿಗೆ ಒಂದೇ ತೂತು ಮಾಡಿ ಬೋರಲು ಹಾಕಿದರೆ ಎಣ್ಣೆಯು ಗುಳುಗುಳು ಎಂದು ನಿಂತು ನಿಂತು ಬೀಳುವದು. ಎದುರಿಗೆ ಇನ್ನೊಂದು ತೂತು ಮಾಡಿದ ಕೂಡಲೆ ಧಾರೆಯಾಗಿ ಸುರಿಯುವದು. ಪೆಟ್ರೋಲು ಹೊರಗೆ ಹೋದಷ್ಟು ಗಾಳಿಯು ಒಳಗೆ ಬಾರದಿದ್ದರೆ ಟಾಂಕಿಯು ಪೆಟ್ರೋಲನ್ನು ಹಿಡಿದುಕೊಂಡು ಬಿಡಲೊಲ್ಲದು. ಮೆಲ್ಲಗೆ ಓಡುವಾಗ ಸಾಲುವಷ್ಟು ಬರುವದು, ಜೋರಾಗಿ ಎಳೆದಾಗ ಸಾಲದು. ನಮ್ಮ ಮೋಟಾರಿನ ಲಕ್ಷಣವು ಇದಕ್ಕೆ ತಾಳೆಯಾಗುತ್ತಿತ್ತು. ತಿರುಪು ಸಡಿಲವಾಗಿಯೇ ಇತ್ತು. ಉಪ್ಪು ಕಟ್ಟಿರಬಹುದೆಂದು ಮುಚ್ಚಳವನ್ನೇ ತೆಗೆದು, ಹುಡುಗನು ಅದರ ಮೇಲೆ ಬಟ್ಟೆಯನ್ನು ಹಿಡಿದು ಕುಳಿತನು. ಮತ್ತೆ ಪೂರ್ಣ ಬಿಟ್ಟೆವು. ಮತ್ತೆ ಎರಡು ನಿಮಿಷ, ಮತ್ತೆ ನಿಂತಿತು. ತಪ್ಪು ಗಾಳಿಯದಲ್ಲವೆಂದು ಗೊತ್ತಾದದ್ದೇ ಲಾಭವೆಂದುಕೊಂಡು ಮೆಲ್ಲಗೆ ಸಾಗಿದೆವು.

ಮೆಲ್ಲಗೆ ಸಾಗಿದ್ದಕ್ಕೆ ಬೇರೊಂದು ಕಾರಣವೂ ಉಂಟು. ಈ ಹಳೆಯ ಜಾತಿಯ ಮೋಟಾರುಗಳಿಗೆ ಕೀಲೆಣ್ಣೆಯು ಬೇರೆಯಾಗಿ ಇಲ್ಲ. ಪೆಟ್ರೋಲಿನಲ್ಲಿಯೇ ಅದನ್ನು ಕಲಸಿ ಹಾಕುವರು. ನಮ್ಮ ಅಂಬಿಗನ ಅಳತೆ 50ಕ್ಕೆ ಒಂದು, ಎಂದರೆ ಲೀಟರಿಗೆ 20 ಮಿಲಿಲೀಟರು. ಆದಕಾರಣ ಪೆಟ್ರೋಲು ಕಡಿಮೆಯಾಗಿ ಬಂದರೆ ಎಣ್ಣೆಯೂ ಕಡಿಮೆಯಾಗಿ ಬರುವದು. ಹಸಿದ ಮೋಟಾರನ್ನು ಹಟದಿಂದ ಪೂರ್ಣವೇಗದಲ್ಲಿ ಓಡಿಸಿದರೆ ಅದು ವಿಪರೀತ ಕಾದು ಒಳಗಿನ ಪಿಸ್ಟನ್ನು ಸುಟ್ಟುಹೋಗುವದುಂಟು. ಆಮೇಲೆ ಹೊಸ ಮೋಟಾರೇ ಗತಿಯೆಂಬ ಮಾತು ನಿಜವಾಗುತ್ತಿತ್ತು.

ಗೇರುಸೊಪ್ಪೆಯ ಕೆಳಗೆ ಬಂಡೆಗಳು ತಲೆಯೆತ್ತುವ ಕಡೆ ದೋಣಿಯನ್ನು ಕಟ್ಟಿದೆವು. ಅಲ್ಲಿ ನಾವು ಕಂಡ ನೀರು 1623ರ ನೀರಿನಂತೆ ತನ್ನಿಚ್ಛೆಯಿಂದ ಬರತಕ್ಕದ್ದಲ್ಲ. 1964ರಲ್ಲಿ ಲಿಂಗನಮಕ್ಕಿಯ ಕಟ್ಟೆಯು ಮುಗಿದಂದಿನಿಂದ ಮಳೆಗಾಲವು ಕಳೆದ ಮೇಲೆ ಶರಾವತಿಯು ವಿದ್ಯುದಾಗಾರಗಳ ಚಕ್ರಗಳನ್ನು ತಿರುಗಿಸಿ, ಅಪ್ಪಣೆ ಸಿಕ್ಕಾಗ ಸಿಕ್ಕಷ್ಟು ಕೆಳಗಿಳಿಯುವಳು. ಗೇರುಸೊಪ್ಪೆಯಲ್ಲಿಯೂ ಒಂದು ಅಣೆಕಟ್ಟು ಇದೆ. ಮೇಲೆ ಬಾಗಿಲು ತೆರೆದರೋ ಮುಚ್ಚಿದರೋ ಎಂಬದನ್ನು ಅಂಬಿಗನು ದಡದ ಕಲ್ಲಿನ ಮೇಲಿನ ಒದ್ದೆಯ ಗೆರೆಯನ್ನು ನೋಡಿ ಹೇಳಿದನು.

ತಾಯಿಯ ತವರಿನ ಕೇರಿಯಲ್ಲಿ ಮನೆಯ ಗೋಡೆಗಳೂ ಉಳಿದಿರಲಿಲ್ಲ. ಬಾವಿಯೊಂದು ಇತ್ತು, ತಂಗಿಯು ಅದರಲ್ಲಿ ಇಣುಕಿ ನೋಡಿ ಬಂದಳು. ಬಳಿಕ ನಗರಬಸ್ತಿಕೇರಿಯ ಕಾಡಿನ ನಡುವಿನ ಚತುರ್ಮುಖ ಬಸದಿಗೆ ಹೋದೆವು. ನಾಲ್ಕು ದಿಕ್ಕಿಗೂ ಬಾಗಿಲುಳ್ಳ ಆ ಕಲ್ಲಿನ ಗುಡಿಯಲ್ಲಿ ಯಾವ ಕಡೆಯಿಂದ ಹೊಕ್ಕರೂ ಎದುರಿಗೆ ತೀರ್ಥಂಕರನ ಮೂರ್ತಿಯೇ. ಪೋರ್ತುಗೀಜರು ಮೆಣಸಿನ ರಾಣಿಯೆಂದು ಕರೆದ ಚೆನ್ನಭೈರಾದೇವಿಯು 16ನೆಯ ಶತಮಾನದ ಉತ್ತರಾರ್ಧದಲ್ಲಿ ಆಳಿದ ರಾಜಧಾನಿಯ ನೆಲವಿದು. ಕೊನೆಗೆ ಕೆಳದಿಯವರ ಕೈಗೆ ಸಿಕ್ಕಿ ಆಕೆ ಸೆರೆಯಲ್ಲಿ ತೀರಿಕೊಂಡಳು. ಪಟ್ಟಣವು ಹೋಯಿತು, ಮೆಣಸಿನ ಬಳ್ಳಿಗಳು ಮಾತ್ರ ಈಗಲೂ ಮರಗಳನ್ನು ಹಬ್ಬಿಕೊಂಡಿವೆ.

ನಾವು ತಿರುಗಿ ಬರುವಷ್ಟರಲ್ಲಿ ಅಂಬಿಗನು ಟಾಂಕಿಯೊಳಗಿನ ಹೀರುಕೊಳವೆಯನ್ನು ಹೊರಗೆ ತೆಗೆದಿದ್ದನು. ಅದರ ತುದಿಯಲ್ಲಿ ಕಸವನ್ನು ತಡೆಯುವ ಬಲೆಯೊಂದಿರುತ್ತದೆ. ಅದಕ್ಕೆ ಕಂದು ಬಣ್ಣದ ಲೋಳೆ ಮೆತ್ತಿತ್ತು. ಅದನ್ನು ತೊಳೆದು ಅವನು, “ಸಿಕ್ಕಿತು ಕಳ್ಳ” ಎಂದು ನಕ್ಕನು. ಮೂರು ಗಂಟೆಗೆ ಇಳಿತದ ಸಂಗಡ ಹೊರಟಾಗ ಒಂದು ನಿಮಿಷ ಪೂರ್ಣ ಬಿಟ್ಟು ನೋಡಿದನು. ಮೋಟಾರು ಚೆನ್ನಾಗಿ ಓಡಿತು. ನಾವೆಲ್ಲ ಸಂತೋಷಪಟ್ಟೆವು. ರೋಗವು ಕಾಣಿಸಿಕೊಳ್ಳುವದಕ್ಕೆ ಎರಡು ನಿಮಿಷ ಬೇಕೆಂಬದು ಗೊತ್ತಿದ್ದೂ ಒಂದೇ ನಿಮಿಷ ಪರೀಕ್ಷೆ ಮಾಡಿದ್ದು ನಮ್ಮ ಮೂರ್ಖತನ. ನದಿಯು ತಾನಾಗಿಯೇ ಕರೆದೊಯ್ಯುತ್ತಿದ್ದುದರಿಂದ ಮುಂದೆ ವೇಗದ ಅವಶ್ಯವೂ ಬೀಳಲಿಲ್ಲ. ತಂಗಿಯು ಮುಂಭಾಗದಲ್ಲಿ ಕುಳಿತು, ಅಮ್ಮನು ಹೇಳುತ್ತಿದ್ದ ಒಂದೊಂದು ತಿರುವನ್ನೂ ಗುರುತು ಹಿಡಿಯಲು ನೋಡುತ್ತಿದ್ದಳು. ಎರಡು ಗುರುತುಗಳು ಸಿಕ್ಕವು.

ರೈಲ್ವೆ ಸೇತುವೆಯನ್ನು ದಾಟುವಾಗ ಐದೂಮುಕ್ಕಾಲು. ಸಮುದ್ರದ ಗಾಳಿಯು ಎದುರಿನಿಂದ ಬೀಸುತ್ತಿತ್ತು. ಇಳಿಯುವ ನೀರಿಗೂ ಏರುವ ಗಾಳಿಗೂ ಜಗಳವಾಗಿ ಮೋಟು ಅಲೆಗಳು ಎದ್ದಿದ್ದವು. ದೋಣಿಯನ್ನು ದಡಕ್ಕೆ ತಿರುಗಿಸಲು ಅಂಬಿಗನು ಪೂರ್ಣ ಬಿಟ್ಟನು. ಎರಡು ನಿಮಿಷಕ್ಕೆ ಸರಿಯಾಗಿ ಮೋಟಾರು ನಿಂತಿತು. ಈ ಸಲ ಹಗ್ಗ ಎಳೆದರೂ ಹೊತ್ತಲಿಲ್ಲ.

ಶರಾವತಿಯ ಅಳಿವೆಯ ಬಾಯಿ ಕರಾವಳಿಯವರಿಗೆ ತಿಳಿದದ್ದೇ. ಮರಳಿನ ದಿಬ್ಬಗಳ ಮೇಲೆ ಸಮುದ್ರದ ತೆರೆಯು ಒಡೆಯುವ ಸ್ಥಳವದು. ಹಗಲಿನಲ್ಲಿ, ಮೋಟಾರು ಚೆನ್ನಾಗಿರುವಾಗಲೇ ದೋಣಿಗಳವರು ನೋಡಿ ದಾಟುವರು. ಇಳಿತವು ಇನ್ನೂ ಒಂದು ತಾಸು ಉಳಿದಿತ್ತು, ಬೆಳಕು ಅಷ್ಟೂ ಇರಲಿಲ್ಲ. ಒಂದೇ ಹುಟ್ಟಿನಿಂದ ಆ ಸೆಳೆತಕ್ಕೆ ಎದುರು ನಿಲ್ಲುವಂತಿರಲಿಲ್ಲ. ಅಂಬಿಗನು ಮೋಟಾರನ್ನು ಬಿಟ್ಟು ಮೊದಲು ಲಂಗರನ್ನು ಎಸೆದನು. ಅದು ಮರಳಿನಲ್ಲಿ ಕೆರೆದುಕೊಂಡು ಬಂದಿತು. ಹಗ್ಗವನ್ನು ಇನ್ನಷ್ಟು ಸಡಿಲಬಿಟ್ಟ ಮೇಲೆ ಕಚ್ಚಿ ಹಿಡಿಯಿತು. ದೋಣಿಯು ಜಗ್ಗಿ ನಿಂತಿತು. ಹೆದ್ದಾರಿಯ ಸೇತುವೆಯ ಮೇಲೆ ಲಾರಿಗಳ ದೀಪಗಳು ಹೊತ್ತಿದ್ದವು. ತಂಗಿಯು ಸೆರಗನ್ನು ಸೊಂಟಕ್ಕೆ ಬಿಗಿದು, “ಈಗ ಅದನ್ನು ಸರಿಯಾಗಿ ನೋಡಿರಿ” ಎಂದಳು. ಅಂಬಿಗನು ಬಾಯಲ್ಲಿದ್ದ ಬೀಡಿಯನ್ನು ನೀರಿಗೆ ಎಸೆದನು.

ಮಾರ್ಗವನ್ನು ತೋರಿಸಿದವಳು ಅವಳೇ. ಕೊಳವೆಯ ಪಕ್ಕದಲ್ಲಿ ಕುಳಿತಿದ್ದ ಅವಳು, “ಈ ಗುಂಡು ಚೀಪಿ ಬಿಟ್ಟ ಮಾವಿನಂತೆ ಚಪ್ಪಟೆಯಾಗಿದೆಯಲ್ಲ!” ಎಂದಳು. ನಾವು ಮೂರು ಸಲವೂ ಮೋಟಾರಿನ ಕಡೆಗೆ ನೋಡುತ್ತಿದ್ದೆವೇ ಹೊರತು ಆ ಗುಂಡನ್ನು ಯಾರೂ ನೋಡಿರಲಿಲ್ಲ.

ಆ ಗುಂಡು ವೈದ್ಯನಿಗೆ ನಾಡಿಯಿದ್ದಂತೆ. ಅದರ ಎರಡು ತುದಿಗಳಲ್ಲಿಯೂ ಮುಂದಕ್ಕೆ ಮಾತ್ರ ಬಿಡುವ ಕವಾಟಗಳಿವೆ. ಮೋಟಾರು ಸಾಯುವಾಗ ಗುಂಡು ಗಟ್ಟಿಯಾಗಿಯೇ ಇದ್ದರೆ ಪೆಟ್ರೋಲು ಅಲ್ಲಿಯವರೆಗೆ ಬಂದು ಮುಂದೆ ಎಲ್ಲಿಯೋ ತಡೆದಿದೆ: ಶೋಧಕದಲ್ಲಿ, ಪಂಪಿನಲ್ಲಿ, ಇಲ್ಲವೆ ಕಾರ್ಬುರೇಟರಿನ ಸೂಜಿಯಲ್ಲಿ. ಮಳೆಗಾಲದಲ್ಲಿ ಪೆಟ್ರೋಲು ತುಂಬಿಟ್ಟೇ ಮೂಲೆಗಿಟ್ಟ ಮೋಟಾರುಗಳಲ್ಲಿ ಅದು ಅಂಟಾಗಿ ಸಣ್ಣ ಕಂಡಿಗಳನ್ನು ಮುಚ್ಚುವದು ಸಾಮಾನ್ಯ. ಅಂಥಲ್ಲಿ ಕಾರ್ಬುರೇಟರನ್ನು ತೊಳೆಯುವದು ಸರಿ. ಎಷ್ಟು ಹಿಸುಕಿದರೂ ಗುಂಡು ಮೆತ್ತಗೇ ಉಳಿದರೆ ಎಲ್ಲಿಯೋ ಗಾಳಿಯನ್ನು ಎಳೆಯುತ್ತಿದೆ, ಅಥವಾ ಕವಾಟವು ಕೆಟ್ಟಿದೆ. ಹಿಸುಕುತ್ತಲೇ ಇದ್ದರೆ ಮೋಟಾರು ಓಡಿ, ಕೈಬಿಟ್ಟರೆ ನಿಂತರೆ ಒಳಗಿನ ಪಂಪಿನ ತೆಳುಪೊರೆಯ ಮೇಲೆ ಸಂಶಯಪಡಬೇಕು. ಆದರೆ ಗುಂಡು ಒಳಕ್ಕೆ ಕುಗ್ಗಿ ಚಪ್ಪಟೆಯಾಗಿದ್ದರೆ ಪಂಪು ಬಲವಾಗಿಯೇ ಎಳೆಯುತ್ತಿದೆ. ಹಿಂದಿನಿಂದ ಬರತಕ್ಕದ್ದು ಬರುತ್ತಿಲ್ಲ. ಗುಂಡಿನ ಹಿಂದೆ ಇರುವವು ಮೂರೇ: ಗಾಳಿಯ ತಿರುಪು, ಟಾಂಕಿಯ ಬಲೆ, ಒಂದು ಮೊಳ ಕೊಳವೆ. ಮೊದಲಿನ ಎರಡನ್ನು ನಾವು ನೋಡಿ ಮುಗಿಸಿದ್ದೆವು.

“ಕೊಳವೆಯನ್ನು ಅಂಗಡಿಯವರು ಗಾಳಿ ಹೊಡೆದು ನೋಡಿದ್ದಾರೆ, ಸ್ವಚ್ಛವಾಗಿದೆ” ಎಂದನು ಅಂಬಿಗ. ಎರಡು ತುದಿಗಳನ್ನೂ ಬಿಚ್ಚಿ, ಒರಸಿ, ಟಾಂಕಿಯ ಕಡೆಯಿಂದ ತಾನೇ ಊದಿದನು. ಆಚೆಯ ತುದಿಗೆ ಅಂಗೈ ಹಿಡಿದಿದ್ದ ಹುಡುಗನು, “ಗಾಳಿ ಬರುತ್ತದೆ” ಎಂದನು. ನನಗೆ ಮುಂದೇನೆಂಬದು ತೋಚಲಿಲ್ಲ. ಲಂಗರಿನ ಹಗ್ಗವು ಒಮ್ಮೆ ಕಿರುಗುಟ್ಟಿತು.

ತಂಗಿಯು, “ಪಪ್ಪಾಯಿ ಎಲೆಯ ದಂಟಿನಿಂದ ಮಜ್ಜಿಗೆ ಕುಡಿಯುತ್ತಿದ್ದದ್ದು ನೆನಪಿದೆಯೆ? ಬಾಡಿದ ದಂಟಾದರೆ ಊದಿದಾಗ ಪೀಪಿಯಂತೆ ಗಾಳಿ ಹೋಗುತ್ತಿತ್ತು, ಹೀರಿದ ಕೂಡಲೆ ಅಂಟಿಕೊಳ್ಳುತ್ತಿತ್ತು” ಎಂದಳು. ಊದುವದಕ್ಕೂ ಹೀರುವದಕ್ಕೂ ಇರುವ ಭೇದವು ಅಷ್ಟು ಹೊತ್ತಿನವರೆಗೆ ನಮ್ಮ ಇಬ್ಬರು ಗಂಡಸರ ತಲೆಯೊಳಗೆ ಹೊಕ್ಕಿರಲಿಲ್ಲ. ಪೆಟ್ರೋಲಿನ ಕೊಳವೆಯನ್ನು ಬಾಯಿಂದ ಹೀರುವದು ಪ್ರಾಣಕ್ಕೆ ಅಪಾಯ; ಅದನ್ನು ಯಾರೂ ಮಾಡಕೂಡದು. ನಮಗೆ ಅದರ ಅಗತ್ಯವೂ ಇರಲಿಲ್ಲ, ಗುಂಡೇ ಹೀರುವ ಯಂತ್ರವಾಗಿತ್ತು. ಕೊಳವೆಯ ಹಿಂದಿನ ತುದಿಯನ್ನು ಗಾಳಿಯಲ್ಲಿ ಎತ್ತಿ ಹಿಡಿದು ಗುಂಡನ್ನು ಬಲವಾಗಿ ಹಿಸುಕಿ ಕೈಬಿಟ್ಟೆವು. ಬರಿಯ ಗಾಳಿಯನ್ನು ಎಳೆದುಕೊಂಡು ತಟ್ಟನೆ ಉಬ್ಬಬೇಕಾದ ಗುಂಡು ಚಪ್ಪಟೆಯಾಗಿಯೇ ಉಳಿಯಿತು. ಹುಡುಗನು ಹದಿನಾಲ್ಕರವರೆಗೆ ಎಣಿಸಿದನು. ಆಮೇಲೆ ಅದು ಮೆಲ್ಲಗೆ ಉಸಿರೆಳೆದುಕೊಂಡಿತು.

ಅಂಬಿಗನು ಮೀನು ಕೊಯ್ಯುವ ಚೂರಿಯಿಂದ ಆ ಒಂದು ಮೊಳ ಕೊಳವೆಯನ್ನು ಉದ್ದಕ್ಕೆ ಸೀಳಿದನು. ಹೊರಮೈ ನುಣುಪಾಗಿ, ಹೊಸದರಂತೆಯೇ ಇತ್ತು. ಒಳಗಿನ ಪದರವು ಮಾತ್ರ ಗೋಡೆಯಿಂದ ಬಿಟ್ಟು, ಬಾಳೆಯ ನಾರಿನಂತೆ ಸುಲಿದು ಜೋತುಬಿದ್ದಿತ್ತು. ಮೆಲ್ಲಗೆ ಎಳೆದಾಗ ಪಕ್ಕದಿಂದ ಪೆಟ್ರೋಲು ಹರಿಯುತ್ತಿತ್ತು. ಜೋರಾಗಿ ಎಳೆದಾಗ ಆ ಪದರವು ನಾಲಿಗೆಯಂತೆ ಬಂದು ದಾರಿಯನ್ನು ಮುಚ್ಚುತ್ತಿತ್ತು. ನಿಂತ ಮೇಲೆ ತಾನೇ ಸಡಿಲಾಗುತ್ತಿತ್ತು. ಊದಿದರಂತೂ ಗೋಡೆಗೆ ಒತ್ತಿಕೊಂಡು ಸಾಧುವಾಗುತ್ತಿತ್ತು. ಅಂಗಡಿಯ ಗಾಳಿಗೆ ಅದು ಮೂರು ಸಲ ಸಿಗದೆ ತಪ್ಪಿಸಿಕೊಂಡದ್ದು ಹೀಗೆ.

ಹಳೆಯ ರಬ್ಬರಿಗೆ ವಯಸ್ಸಾದಂತೆ ಇಂಥದು ಸಂಭವಿಸುವದುಂಟು. ಈಗ ಪೆಟ್ರೋಲಿನ ಗುಣವೂ ಬದಲಾಗಿದೆ. 2025ರ ಹೊತ್ತಿಗೆ ನಮ್ಮ ದೇಶದ ಪೆಟ್ರೋಲಿನಲ್ಲಿ ನೂರಕ್ಕೆ 20 ಪಾಲು ಎಥನಾಲ್ ಎಂಬ ಮದ್ಯಸಾರವು ಸೇರಿತು. ಅದಕ್ಕೆ ತಕ್ಕುದಾಗಿ ಮಾಡದ ಹಳೆಯ ಕಾಲದ ಕೊಳವೆಗಳನ್ನೂ ಪೊರೆಗಳನ್ನೂ ಮದ್ಯಸಾರವು ಉಬ್ಬಿಸಿ ಮೆತ್ತಗೆ ಮಾಡುವದು. ಅಲ್ಲದೆ ಅದು ಗಾಳಿಯ ತೇವವನ್ನು ಹೀರಿಕೊಳ್ಳುವದು. ನೀರು ಹೆಚ್ಚಾದರೆ ಎರಡೂ ಕೂಡಿ ಪೆಟ್ರೋಲಿನಿಂದ ಬೇರೆಯಾಗಿ ಟಾಂಕಿಯ ತಳಕ್ಕೆ ಇಳಿದು ನಿಲ್ಲುವವು. ಉಪ್ಪುಗಾಳಿಯಲ್ಲಿ ದಿನಗಳೆಯುವ ದೋಣಿಯವರು ಟಾಂಕಿಯಲ್ಲಿ ಬಹುದಿನ ಪೆಟ್ರೋಲನ್ನು ಇಡದಿರುವದು ಒಳ್ಳೆಯದು. ಕೊಳವೆಯನ್ನು ಕೊಳ್ಳುವಾಗ ನೀರಿನ ಕೊಳವೆಯನ್ನಲ್ಲ, ಈ ಪೆಟ್ರೋಲಿಗೆಂದೇ ಮಾಡಿದ್ದನ್ನು ಕೇಳಿ ಕೊಳ್ಳಬೇಕು.

ಗುಂಡಿನಿಂದ ಮೋಟಾರಿಗೆ ಹೋಗುವ ಮೂರು ಮೊಳದ ಕೊಳವೆಯನ್ನು ಅಂಬಿಗನು ಹೋದ ವರುಷ ಬದಲಿಸಿದ್ದನು. ಹಿಂದಿನ ಮೊಳವು ಚೆನ್ನಾಗಿ ಕಾಣುತ್ತಿದೆಯೆಂದು ಹಾಗೆಯೇ ಬಿಟ್ಟಿದ್ದನು. ಈಗ ಆ ಹೊಸದರಲ್ಲಿ ಒಂದು ಮೊಳವನ್ನು ಕೊಯ್ದು ಗುಂಡಿನ ಹಿಂದೆ ಹಾಕಿದೆವು. ಮುಂದಿನದು ಗಿಡ್ಡವಾಯಿತಾದ್ದರಿಂದ ಟಾಂಕಿಯನ್ನೇ ಎಳೆದು ಮೋಟಾರಿನ ಬುಡಕ್ಕೆ ತಂದೆವು. ಹಳೆಯ ಬಿಗಿಪಟ್ಟಿಗಳನ್ನೇ ಕೂಡಿಸಿ, ಗಾಳಿ ಎಳೆಯಬಾರದೆಂದು ಅವುಗಳ ಮೇಲೆ ತಂತಿಯನ್ನೂ ಸುತ್ತಿದನು. ಗುಂಡಿನ ಮೇಲಿನ ಬಾಣದ ಗುರುತು ಮೋಟಾರಿನ ಕಡೆಗೆ ಇದೆಯೇ ಎಂದು ನಾನು ಎರಡು ಸಲ ನೋಡಿದೆನು, ಏಕೆಂದರೆ ಕತ್ತಲೆಯಲ್ಲಿ ಅದನ್ನು ಹಿಂದುಮುಂದು ಕೂಡಿಸಿದರೆ ರಾತ್ರಿಯೆಲ್ಲ ಅಲ್ಲಿಯೇ ಕೂಡಬೇಕಾಗುತ್ತಿತ್ತು. ಚೆಲ್ಲಿದ ಪೆಟ್ರೋಲನ್ನು ಒರಸಿ, ವಾಸನೆಯು ಗಾಳಿಗೆ ಹೋಗುವವರೆಗೆ ಕಾದೆವು. ಹುಡುಗನು ಹಿಸುಕಿದನು, ಐದಾರು ಹಿಸುಕಿಗೆ ಗುಂಡು ಕಲ್ಲಾಯಿತು.

ಮೋಟಾರು ಹೊತ್ತಿಕೊಂಡಿತು. ಲಂಗರನ್ನು ಎತ್ತದೆಯೇ ಸ್ವಲ್ಪ ಹೊತ್ತು ಓಡಿಸಿ, ಬಳಿಕ ಎತ್ತಿ, ಮೂತಿಯನ್ನು ಪ್ರವಾಹಕ್ಕೆ ಎದುರಾಗಿ ತಿರುಗಿಸಿ ಅಂಬಿಗನು ಪೂರ್ಣ ಬಿಟ್ಟನು. ಗಡಿಯಾರದ ಮುಳ್ಳು ಕಾಣುತ್ತಿರಲಿಲ್ಲ. ತಂಗಿಯು ಗಟ್ಟಿಯಾಗಿ ಎಣಿಸತೊಡಗಿದಳು. ನೂರಾ ಇಪ್ಪತ್ತಕ್ಕೆ ಬಂದಾಗ ಎಲ್ಲರೂ ಮೌನವಾದೆವು. ನೂರಾ ಐವತ್ತಾಯಿತು, ಇನ್ನೂರಾಯಿತು. ಮುನ್ನೂರಕ್ಕೆ ಅವಳು ಎಣಿಕೆಯನ್ನು ನಿಲ್ಲಿಸಿ, ಗುಂಡನ್ನು ಬೆರಳಿನಿಂದ ಒತ್ತಿ ನೋಡಿ, “ದುಂಡಗಿದೆ” ಎಂದಳು. ಅಂಬಿಗನು ಮಾತಾಡಲಿಲ್ಲ. ದಡಕ್ಕೆ ತಿರುಗುವ ಬದಲು ನಮ್ಮನ್ನು ಕೂಡಿಸಿಕೊಂಡೇ ನದಿಯಲ್ಲಿ ಒಂದು ದೊಡ್ಡ ಸುತ್ತು ಹಾಕಿ ಬಂದನು.

ಮರುದಿನ ಬೆಳಿಗ್ಗೆ ಅವನು ಪೇಟೆಯಲ್ಲಿ ಹೊಸ ಕೊಳವೆಯನ್ನು ಉದ್ದಕ್ಕೂ ಒಂದೇ ತುಂಡಿನಿಂದ ಕೊಂಡು ಹಾಕಿದನು. ಕೆಲವು ನೂರು ರೂಪಾಯಿಗಳ ಕೆಲಸವಾಯಿತು. ಸೀಳಿದ ಹಳೆಯ ಮೊಳವನ್ನು ತಂಗಿಯು ಬೇಡಿ ತೆಗೆದುಕೊಂಡಿದ್ದಾಳೆ. ಪುಣೆಯಲ್ಲಿ ಯಂತ್ರಶಾಸ್ತ್ರವನ್ನು ಓದುತ್ತಿರುವ ಮೊಮ್ಮಗನಿಗೆ ಕೊಟ್ಟು, ಇದರ ದೋಷವನ್ನು ಊದಿ ಕಂಡುಹಿಡಿ ಎಂದು ಹೇಳುವಳಂತೆ. ಸಾಯಂಕಾಲ ನಾವು ಅಳಿವೆಯ ದಂಡೆಯಲ್ಲಿ ನಿಂತಿದ್ದಾಗ ಅವನ ದೋಣಿಯು ಬಲೆಯನ್ನು ಹೇರಿಕೊಂಡು ಹೊರಟಿತು. ತೆರೆಗಳ ಸಾಲಿನ ಬಳಿ ಕ್ಷಣಕಾಲ ತಡೆದು, ಸಂದು ನೋಡಿ ಪೂರ್ಣ ಬಿಟ್ಟನು. ತಂಗಿಯು ಮತ್ತೆ ಬೆರಳು ಮಡಿಸಿ ಎಣಿಸುತ್ತಿದ್ದಳು. ಅವಳ ಎಣಿಕೆಯು ಮುಗಿಯುವ ಮೊದಲೇ ದೋಣಿಯು ಆಚೆಗೆ ದಾಟಿತ್ತು. ಸದ್ದು ಮಾತ್ರ ಬಹಳ ಹೊತ್ತಿನವರೆಗೆ ಕೇಳುತ್ತಿತ್ತು.